ಅಡುಗೆಮನೆಯ ಹೊಸಿಲವರೆಗೆ

ರವಿಕೆಯ ಅಳತೆ ತೆಗೆಯುತ್ತಿದ್ದೆ. “ತೋಳು ಒಂಬತ್ತು” ಎಂದೆ. ಮುಂದಿನದು ಹೇಳಲು ಉಸಿರೇ ಇರಲಿಲ್ಲ. ಅಳತೆ ಕೊಡಲು ಬಂದಿದ್ದ ಹುಡುಗಿಯೇ ನನ್ನನ್ನು ಹಿಡಿದು ಕೂರಿಸಿದಳು.

ಶಿರಸಿಯ ಡಾಕ್ಟರು ಎಕ್ಸ್‌ರೇ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು. “ಪಲ್ಮನರಿ ಫೈಬ್ರೋಸಿಸ್. ಶ್ವಾಸಕೋಶ ಗಟ್ಟಿಯಾಗ್ತಾ ಇದೆ. ಮೊದಲಿನ ಹಾಗೆ ಮಾಡೋಕಾಗಲ್ಲಮ್ಮ” ಎಂದರು ಅಲ್ಲಿಯ ಡಾಕ್ಟರು. “ಆಕ್ಸಿಜನ್ ಹಾಕಿಕೊಂಡೇ ಓಡಾಡಿ. ಒಲೆಯ ಹತ್ತಿರ ಮಾತ್ರ ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳುತ್ತೆ.”

ನನಗಾಗ ನಲವತ್ತಾರು.

ಮನೆಗೆ ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಬಂತು. ಕರೆಂಟು ಹೋದರೆ ಸಿಲಿಂಡರ್. ಯಂತ್ರದಿಂದ ನನ್ನ ಮೂಗಿನವರೆಗೆ ಉದ್ದದ ಟ್ಯೂಬು, ನಾನು ಹೋದಲ್ಲೆಲ್ಲ ನೆಲದ ಮೇಲೆ ಹಿಂದೆಯೇ ಬರುತ್ತಿತ್ತು. ಬಾಗಿಲ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಕುರ್ಚಿಯ ಕಾಲಡಿ ಒತ್ತಿಹೋಗುತ್ತಿತ್ತು.

ಒಂದು ದಿನ ಅತ್ತೆ ಅದಕ್ಕೆ ಎಡವಿ ಬಿದ್ದರು.

ಮೂಳೆ ಮುರಿಯಲಿಲ್ಲ, ಸೊಂಟ ಮಾತ್ರ ಊದಿಕೊಂಡಿತು. ಅಂದಿನಿಂದ ನಾನು ಏಳುವುದನ್ನೇ ಬಿಟ್ಟೆ. ಕುಳಿತಲ್ಲೇ ಕುಳಿತರೆ ಯಾರೂ ಬೀಳುವುದಿಲ್ಲವಲ್ಲ. ಬದುಕಿಸಲೆಂದು ತಂದ ವಸ್ತುವೇ ನನ್ನನ್ನು ಮಂಚಕ್ಕೆ ಕಟ್ಟಿಹಾಕಿದೆ ಎನಿಸುತ್ತಿತ್ತು.

ನೋವಿನಲ್ಲೂ ಅತ್ತೆಯೇ ಗದರಿದರು. “ಬಿದ್ದವಳು ಆನು. ನೀ ಎಂತಕ್ಕೆ ಮಲಗಿದ್ದೆ? ಊರವರ ಬಟ್ಟೆಯೆಲ್ಲ ನೀ ಸರಿ ಮಾಡ್ತೆ, ಈ ಟ್ಯೂಬಿಗೆ ಒಂದು ದಾರಿ ಮಾಡು.”

ಮಲಗಿಕೊಂಡೇ ಕಿಟಕಿ ನೋಡಿದೆ. ಪರದೆ ತಂತಿಗೆ ಹಾಕಿದ ಬಳೆಗಳ ಮೇಲೆ ಸರಿಯುತ್ತಿತ್ತು. ಟ್ಯೂಬೂ ಹಾಗೇ ಸರಿಯಬಾರದೇಕೆ?

ನನ್ನವರಿಗೆ ಬಸ್ ನಿಲ್ದಾಣದ ಬಳಿ ಎಸ್‌ಟಿಡಿ ಬೂತ್ ಇತ್ತು. ಸಂಜೆ ಅದನ್ನು ಮುಚ್ಚಿ ಬರುವಾಗ ತಂತಿ, ಬಳೆ, ಮೊಳೆ ತಂದರು. ಮಂಚದಿಂದ ಹೊಲಿಗೆ ಯಂತ್ರದವರೆಗೆ, ಅಲ್ಲಿಂದ ಅಡುಗೆಮನೆಯ ಕಡೆಗೆ ತಲೆಗಿಂತ ಎತ್ತರದಲ್ಲಿ ತಂತಿ ಬಿಗಿದರು. ನಾನು ಬಳೆಗಳಿಗೆ ಟ್ಯೂಬನ್ನು ದಾರದಿಂದ ಕಟ್ಟಿದೆ. ದಾರ ಬಿಗಿಯಾಗಿ ಟ್ಯೂಬು ಅದುಮಿಹೋಯಿತು. ಎರಡು ಹೆಜ್ಜೆಗೇ ಕಣ್ಣು ಕತ್ತಲಿಟ್ಟಿತು. ಅಗಲದ ಬಟ್ಟೆಪಟ್ಟಿ ಹೊಲಿದು ತೂಗುಹಾಕಿದೆ. ಗಾಳಿ ಸರಾಗವಾಯಿತು. ಆದರೆ ತಿರುಗುವಾಗ ಟ್ಯೂಬು ಮೂಗನ್ನೇ ಎಳೆಯುತ್ತಿತ್ತು. ರವಿಕೆಯ ಹೆಗಲಿಗೊಂದು ಪಟ್ಟಿ, ಅದಕ್ಕೆ ಟಿಚ್ ಬಟನ್ ಹಾಕಿ ಟ್ಯೂಬನ್ನು ಅದರಲ್ಲಿ ಸಿಕ್ಕಿಸಿದೆ. ಈಗ ಎಳೆತವೆಲ್ಲ ಹೆಗಲಿಗೆ. ಜೋರಾಗಿ ಎಳೆದರೆ ಬಟನ್ ಬಿಚ್ಚಿಕೊಳ್ಳುತ್ತದೆ, ಮೂಗಿಗೆ ಏಟಿಲ್ಲ.

ಆದರೆ ತಂತಿ ಅಡುಗೆಮನೆಯ ಹೊಸಿಲಿಗೇ ನಿಂತಿತ್ತು. ಟ್ಯೂಬು ಒಳಗೆ ಒಂದು ಹೆಜ್ಜೆಗೂ ಸಾಲುತ್ತಿರಲಿಲ್ಲ. ನನ್ನವರು ಬೇಕೆಂದೇ ಹಾಗೆ ಮಾಡಿದ್ದರು.

ಸಿಟ್ಟು ಬಂತು. “ಎನ್ನ ಅಡುಗೆಮನೆಗೆ ಆನೇ ಹೋಪಲಾಗ್ತಿಲ್ಯಾ?”

ಅವರು ತಲೆ ತಗ್ಗಿಸಿದರು. “ಒಲೆ ಇದ್ದು. ಎಂಗೆ ಹೆದರಿಕೆ ಆಗ್ತು. ನೀ ಇಲ್ಲೇ ಕೂತ್ಗಂಡು ಹೇಳು, ಆನು ಮಾಡ್ತೆ.”

ಹಾಗೆ ಹೆದರಿಕೆಯನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ಕೋಪ ಅಲ್ಲಿಗೇ ಇಳಿಯಿತು.

ಕಾಯಿಲೆ ಇಳಿದಿಲ್ಲ, ಇಳಿಯುವುದೂ ಇಲ್ಲ. ದಿನಕ್ಕೊಂದು ರವಿಕೆ ಮುಗಿಸಿದರೆ ಹೆಚ್ಚು. ಅತ್ತೆ ನಿರ್ಭಯವಾಗಿ ಓಡಾಡುತ್ತಾರೆ. ಮಧ್ಯಾಹ್ನ ನಾನು ಹೊಸಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ನಿನ್ನೆ ನನ್ನವರು ತಂಬುಳಿಗೆ ಎರಡು ಸಲ ಉಪ್ಪು ಹಾಕಿದರು. ನಗು ಬಂತು, ನಗುವಿಗೆ ಉಸಿರು ಸಾಲಲಿಲ್ಲ. ಸೌಟು ಹಿಡಿದು ಅವರು ಕಾದು ನಿಂತರು. ಉಸಿರು ಮರಳಿದ ಮೇಲೆ ಹೇಳಿದೆ: “ಅಡ್ಡಿಲ್ಲೆ. ಇನ್ನೊಂಚೂರು ಮಜ್ಜಿಗೆ ಹಾಕಿ.”