ಸಿಗ್ನಲ್ ಹೇಳಲು ಒಬ್ಬರು ಬೇಕು

ನನಗೆ ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಒಂದೇ ಬಗೆಯ ಕಂದು ಮಣ್ಣಿನ ಹಾಗೆ ಕಾಣುತ್ತವೆ. ಹುಟ್ಟಿನಿಂದಲೇ ಹೀಗೆ, ನೋವಿಲ್ಲ, ಔಷಧವೂ ಇಲ್ಲ. ಹೋಟೆಲು ನಡೆಸಿದಷ್ಟು ಕಾಲವೂ ಕೆಂಪು ಚಟ್ನಿ ಯಾವುದು, ಹಸಿರು ಚಟ್ನಿ ಯಾವುದು ಎಂಬುದನ್ನು ಮೂಗಿನಿಂದಲೇ ತಿಳಿದುಕೊಳ್ಳುತ್ತಿದ್ದೆ. ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ ಎಂದು ಹಿಚುಕಿ ನೋಡಬೇಕಾಗಿತ್ತು. ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಭಾಜಿವಾಲ ಇದಕ್ಕಾಗಿ ನನ್ನನ್ನು ಎಷ್ಟು ಸಲ ಬೈದಿದ್ದಾನೋ!

ಈ ವಿಷಯ ನನಗೇ ಗೊತ್ತಾದದ್ದು ರೈಲ್ವೆಯ ಮೆಡಿಕಲ್ ಪರೀಕ್ಷೆಯಲ್ಲಿ. ಪಿಯುಸಿ ಮುಗಿಸಿ ಉಡುಪಿಯ ಕಡೆಯಿಂದ ಆಂಟಾಪ್ ಹಿಲ್ಲಿನ ಚಿಕ್ಕಪ್ಪನ ಹೋಟೆಲಿಗೆ ಬಂದವನು ನಾನು. ಮುಂಬಯಿಯಲ್ಲಿ ನನಗೆ ಮೊದಲು ಹಿಡಿಸಿದ್ದು ಲೋಕಲ್ ಟ್ರೇನು. ಮಧ್ಯಾಹ್ನದ ಬಿಡುವಿನಲ್ಲಿ ವಡಾಲಾ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲುತ್ತಿದ್ದೆ. ಗಾಡಿ ಬಂದು ನಿಂತರೆ ಅದನ್ನು ಓಡಿಸುವ ಮೋಟರ್‌ಮನ್ನನ ಕಿಟಕಿ ಸರಿಯಾಗಿ ನನ್ನೆದುರಿಗೇ ಬರುತ್ತಿತ್ತು. ಹಿಂದಿನ ಡಬ್ಬಿಗಳಲ್ಲಿ ಜನ ಎಷ್ಟೇ ನೂಕಾಡಲಿ, ಆ ಪುಟ್ಟ ಕೋಣೆಯಲ್ಲಿ ಅವನೊಬ್ಬನೇ ಹ್ಯಾಂಡಲಿನ ಮೇಲೆ ಕೈಯಿಟ್ಟು, ಮುಂದಕ್ಕೆ ಕಣ್ಣಿಟ್ಟು ಶಾಂತವಾಗಿ ಕೂತಿರುತ್ತಿದ್ದ. ನಾನೂ ಹಾಗೆ ಕೂರಬೇಕು ಎಂಬ ಆಸೆ ಹುಟ್ಟಿತು. ಹೋಟೆಲಿನ ಕೆಲಸದ ನಡುವೆಯೇ ಓದಿ ಲಿಖಿತ ಪರೀಕ್ಷೆ ಪಾಸು ಮಾಡಿದೆ.

ಮೆಡಿಕಲ್ಲಿನ ದಿನ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ಬಿಡಿಸಿ, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. "ಅಂಕಿ ಎಲ್ಲಿದೆ ಸರ್?" ಎಂದೆ ನಾನು. ಅವರು ಇನ್ನೊಂದು ಪುಟ ತಿರುಗಿಸಿದರು, ಮತ್ತೊಂದು ತಿರುಗಿಸಿದರು. ಕೊನೆಗೆ ಪುಸ್ತಕ ಮುಚ್ಚಿ, "ಬೇಟಾ, ಬಾಕಿ ಸಬ್ ಕರ್, ಗಾಡಿ ಮತ್ ಚಲಾ" ಎಂದರು, ಬೇರೆ ಏನು ಬೇಕಾದರೂ ಮಾಡು, ಗಾಡಿ ಮಾತ್ರ ಓಡಿಸಬೇಡ ಎಂದು. ಒಳ್ಳೆಯ ಮನುಷ್ಯ. ನನಗೆ ಕುಡಿಯಲು ನೀರು ತರಿಸಿಕೊಟ್ಟರು.

ಹೋಟೆಲಿಗೆ ಮರಳಿ ಚಿಕ್ಕಪ್ಪನಿಗೆ ಹೇಳಿದಾಗ ಅವರು ಕೌಂಟರಿನಿಂದ ತಲೆಯನ್ನೂ ಎತ್ತಲಿಲ್ಲ. "ಒಳ್ಳೇದೇ ಆಯ್ತು ಮಾರಾಯ. ಇಡ್ಲಿಗೆ ಬಣ್ಣ ಇಲ್ಲ. ಹೋಗು, ಏಪ್ರನ್ ಹಾಕು" ಎಂದರು. ನಾನು ಅತ್ತುಕೊಂಡೇ ಏಪ್ರನ್ ಹಾಕಿಕೊಂಡೆ. ಆಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಬಳಿ ನನ್ನದೇ ಹೋಟೆಲಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಇಡ್ಲಿ ನನ್ನ ಕೈ ಬಿಡಲಿಲ್ಲ. ಆದರೆ ಲೋಕಲ್ ಹತ್ತಿದಾಗಲೆಲ್ಲ ಮುಂದಿನ ಡಬ್ಬಿಯನ್ನೇ ಹುಡುಕುತ್ತಿದ್ದೆ.

ಕಳೆದ ವರ್ಷ ಹೋಟೆಲನ್ನು ಭಾವಮೈದುನನಿಗೆ ಒಪ್ಪಿಸಿ ಮನೆಯಲ್ಲಿ ಕೂತೆ. ಕೂತೆ ಎಂದರೆ ಕೂರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿ, ಸಾಂಬಾರಿಗೆ ಉಪ್ಪು ಸಾಲದು, ಹಿಟ್ಟು ಹೆಚ್ಚು ಹುಳಿ ಬಂದಿದೆ ಎಂದು ಹೆಂಡತಿಗೆ ಮ್ಯಾನೇಜರಿಕೆ ಮಾಡತೊಡಗಿದೆ. ಅವಳು ಕೆಲವು ದಿನ ತಡೆದುಕೊಂಡಳು. ಆಮೇಲೆ ಸೌಟು ಹಿಡಿದುಕೊಂಡೇ ಮಗಳ ಕೋಣೆಗೆ ಹೋಗಿ, "ನಿನ್ನ ಪಪ್ಪನಿಗೆ ಏನಾದ್ರೂ ಕೆಲಸ ಕೊಡು ಮಗಾ. ಇಲ್ಲದಿದ್ರೆ ನಾನು ಮಂಗಳೂರಿನ ಬಸ್ಸು ಹತ್ತುದೇ" ಎಂದಳು.

ನಮ್ಮ ಮನೆಯಲ್ಲಿ ನಾವಿಬ್ಬರೂ ತುಳು, ಕನ್ನಡ ಬೆರೆಸಿ ಮಾತಾಡುತ್ತೇವೆ. ಮಗಳು ಅದಕ್ಕೆ ಹಿಂದಿಯನ್ನೂ ಇಂಗ್ಲಿಷನ್ನೂ ಸೇರಿಸುತ್ತಾಳೆ. ಅವಳದು ಕಂಪ್ಯೂಟರಿನ ಕೆಲಸ; ವಾರಕ್ಕೆರಡು ದಿನ ಆಫೀಸು, ಉಳಿದಂತೆ ಮನೆ. ಅವಳ ಮೇಜಿನ ಮೇಲೆ ಟಿವಿಯಷ್ಟು ದೊಡ್ಡ ಸ್ಕ್ರೀನ್ ಇದೆ.

"ಪಪ್ಪಾ, ನೀವು ಬೋರ್ ಆಗಿದ್ದೀರಿ ನಾ? ಟ್ರೇನ್ ಓಡಿಸುವ ಗೇಮ್ ಇದೆ. ಸಚ್ಚೀ. ಬ್ರೇಕ್, ಹಾರ್ನ್, ಸಿಗ್ನಲ್, ಸಬ್ ಕುಛ್."

ನಾನು ಕೂಡಲೇ ಎದ್ದು ಅವಳ ಕುರ್ಚಿಯ ಹಿಂದೆ ಹೋಗಿ ನಿಂತೆ. ಆದರೂ ಗಂಭೀರವಾಗಿ, "ನೋಡುವ" ಎಂದೆ.

ಹೀಗೆ ಶನಿವಾರ, ಭಾನುವಾರಗಳಲ್ಲಿ ನಮ್ಮ ಹುಡುಕಾಟ ಶುರುವಾಯಿತು. ಮೊದಲು ಫೋನಿನಲ್ಲಿ ಪುಕ್ಕಟೆ ಸಿಗುವ ಒಂದನ್ನು ನೋಡಿದೆವು. ಎರಡು ಸ್ಟೇಷನ್ ದಾಟುವಷ್ಟರಲ್ಲಿ ನಾಲ್ಕು ಜಾಹೀರಾತು ಬಂದವು. ಗಾಡಿ ಸೇತುವೆಯ ಮೇಲೆ ಹೋಗುತ್ತಿದ್ದಾಗ ಒಬ್ಬಳು ಹೆಂಗಸು ದಿಢೀರನೆ ಪ್ರತ್ಯಕ್ಷಳಾಗಿ ಬಂಗಾರದ ಬಳೆ ತೋರಿಸಿದಳು. "ಇದು ಬೇಡ. ಟ್ರೇನಿನಲ್ಲಿ ಮಾರುವವರ ಕಾಟ ನಿಜವಾದ ಲೋಕಲಿನಲ್ಲೇ ಸಾಕಷ್ಟುಂಟು" ಎಂದೆ.

ಎರಡನೆಯದು ಯುರೋಪಿನ ಬೆಟ್ಟಗಳದ್ದು. ಏನು ಚೆಂದ! ಹಿಮ ಬೀಳುತ್ತಿದೆ, ಗಾಜಿನ ಮೇಲೆ ವೈಪರ್ ಆಡುತ್ತಿದೆ, ಸುರಂಗದೊಳಗೆ ಹೊಕ್ಕರೆ ಸದ್ದೇ ಬದಲಾಗುತ್ತದೆ. ನಾನು ಕುರ್ಚಿಯ ತುದಿಗೆ ಬಂದು ಕೂತು ಗಾಡಿ ಬಿಟ್ಟೆ. ಆದರೆ ಅಲ್ಲಿನ ಸಿಗ್ನಲ್ ಕಂಬದಲ್ಲಿ ಇದ್ದದ್ದು ಒಂದೇ ದೀಪ. ನಮ್ಮಲ್ಲಾದರೆ ಕೆಂಪು ಎಲ್ಲಕ್ಕಿಂತ ಕೆಳಗಿರುತ್ತದೆ. ಹತ್ತಿರ ಹೋದಮೇಲಾದರೂ ಜಾಗ ನೋಡಿ ಹೇಳಬಹುದು. ಇಲ್ಲಿ ಒಂದೇ ದೀಪ ಎಲ್ಲ ಬಣ್ಣಕ್ಕೂ ತಿರುಗುತ್ತಿತ್ತು. ನಾನು ಧೈರ್ಯವಾಗಿ ಮುಂದಕ್ಕೆ ಹೋದೆ. ಗಾಡಿ ಕಿರುಚಿ ನಿಂತಿತು, ಸ್ಕ್ರೀನ್ ಕಪ್ಪಾಯಿತು.

"ಪಪ್ಪಾ, ಅದು ರೆಡ್ ಇತ್ತು" ಎಂದಳು ಮಗಳು.

ನಾನು ನಕ್ಕೆ. ನಗು ಪೂರ್ತಿ ಬರಲಿಲ್ಲ. ಆ ಡಾಕ್ಟರು ಹೇಳಿದ್ದು ಸರಿಯೇ ಎಂದು ಇಷ್ಟು ವರ್ಷಗಳ ಮೇಲೆ ರುಜುವಾತಾದ ಹಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅವರಿಗೆ ರೈಲ್ವೆಯಲ್ಲಿ ಕೆಲಸ ಸಿಗದಿದ್ದದ್ದೇ ಇದಕ್ಕೆ" ಎಂದಳು.

ಮಗಳು ಕುರ್ಚಿ ತಿರುಗಿಸಿದಳು. ಚಟ್ನಿಯ ಕಥೆ ಅವಳಿಗೆ ಗೊತ್ತಿತ್ತು, ರೈಲ್ವೆಯದು ಗೊತ್ತಿರಲಿಲ್ಲ. "ನೀವು ಸಚ್ ಮೇ ಮೋಟರ್‌ಮನ್ ಆಗ್ಬೇಕು ಅಂತ ಇದ್ರಾ? ನನಗೆ ಯಾಕೆ ಹೇಳಲೇ ಇಲ್ಲ?"

"ಹೇಳುವಂಥದ್ದು ಎಂತ ಉಂಟು ಅದರಲ್ಲಿ?"

ಅವಳು ಕುರ್ಚಿಯನ್ನು ಮತ್ತೆ ಸ್ಕ್ರೀನಿನ ಕಡೆ ತಿರುಗಿಸಿದಳು. ಅಲ್ಲಿಂದ ಮುಂದೆ ಈ ಹುಡುಕಾಟ ನನ್ನದಕ್ಕಿಂತ ಅವಳದಾಯಿತು. ಊಟದ ಹೊತ್ತಿನಲ್ಲೂ ಫೋನಿನಲ್ಲಿ ಇದನ್ನೇ ಓದುತ್ತಿದ್ದಳು. ಮುಂದಿನ ಶನಿವಾರ ಮೂರನೆಯ ಆಟವನ್ನು ಸಿದ್ಧಮಾಡಿ ನನ್ನನ್ನು ಕೂರಿಸಿದಳು. ನನ್ನಂಥವರಿಗೆಂದೇ ಅದರಲ್ಲಿ ಒಂದು ಏರ್ಪಾಡಿತ್ತು: ಸಿಗ್ನಲ್ ಹತ್ತಿರ ಬಂದಾಗ ಸ್ಕ್ರೀನಿನ ಮೂಲೆಯಲ್ಲಿ ಚಿಹ್ನೆ ಮೂಡುತ್ತದೆ. ಚೌಕ ಬಂದರೆ ನಿಲ್ಲು, ಬಾಣ ಬಂದರೆ ಹೋಗು. ಬಣ್ಣದ ಹಂಗೇ ಇಲ್ಲ. ನಾನು ಒಂದೂ ತಪ್ಪಿಲ್ಲದೆ ಓಡಿಸಿದೆ. ಮಗಳು ಚಪ್ಪಾಳೆ ತಟ್ಟಿದಳು. "ಇದೇ ಫೈನಲ್ ನಾ?"

ನಾನು ಹೂಂ ಎನ್ನಬೇಕಿತ್ತು. ಆದರೆ ಆ ಸ್ಟೇಷನ್ನುಗಳು! ಪ್ಲಾಟ್‌ಫಾರ್ಮಿನ ಮೇಲೆ ಮೂರು ಜನ ಕೋಟು ಹಾಕಿಕೊಂಡು ದೂರ ದೂರ ನಿಂತಿದ್ದಾರೆ. ಗಾಡಿ ಬಂದರೂ ಯಾರೂ ಓಡುವುದಿಲ್ಲ. ಬಾಗಿಲು ತೆರೆಯುತ್ತದೆ, ಒಬ್ಬ ಹತ್ತುತ್ತಾನೆ, ಬಾಗಿಲು ಮುಚ್ಚುತ್ತದೆ.

"ಚೆನ್ನಾಗುಂಟು. ಆದರೆ ಆಸ್ಪತ್ರೆಯ ಹಾಗುಂಟು" ಎಂದೆ.

ಮಗಳು ಸಿಟ್ಟಾಗಬಹುದು ಎಂದುಕೊಂಡೆ. ಅವಳು ತುಟಿ ಕಚ್ಚಿ ಸ್ವಲ್ಪ ಯೋಚಿಸಿ, "ಇನ್ನೊಂದು ಇದೆ ಪಪ್ಪಾ. ಆದ್ರೆ ಅದರಲ್ಲಿ ಈ ಸಿಂಬಲ್ ಇಲ್ಲ. ಗ್ರಾಫಿಕ್ಸ್ ಕೂಡ ಅಷ್ಟಕ್ಕಷ್ಟೇ. ಅದಕ್ಕೇ ನಾನು ತೋರಿಸಲಿಲ್ಲ" ಎಂದಳು.

ಅದು ನಮ್ಮದೇ ಲೋಕಲ್. ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ. ಯಾರೋ ರೈಲಿನ ಹುಚ್ಚಿನವರು ಪ್ರೀತಿಯಿಂದ ಕೂತು ಮಾಡಿದ್ದಂತೆ. ಮರಗಳು ರಟ್ಟಿನಲ್ಲಿ ಕತ್ತರಿಸಿಟ್ಟ ಹಾಗಿದ್ದವು, ಬಿಲ್ಡಿಂಗುಗಳ ಕಿಟಕಿಗಳೆಲ್ಲ ಒಂದೇ ತರಹ. ಆದರೆ ಮಗಳು ಶುರು ಮಾಡುತ್ತಲೇ ಆ ಮೋಟರಿನ ಸದ್ದು ಬಂತು ನೋಡಿ, ಮೊದಲು ಗೊರಗೊರ ಎಂದು, ಆಮೇಲೆ ಮೆಲ್ಲಗೆ ಏರುತ್ತಾ ಹೋಗುವ ಆ ಸದ್ದು! ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ನಿಲ್ಲುವ ಮೊದಲೇ ಓಡುವವರಿದ್ದರು. ಮೂರು ಭಾಷೆಗಳಲ್ಲಿ ಅನೌನ್ಸ್‌ಮೆಂಟ್ ಮೊಳಗಿತು. ಅಡುಗೆಮನೆಯಲ್ಲಿ ಬಸಳೆ ಸೋಸುತ್ತಿದ್ದ ಹೆಂಡತಿ ಅದನ್ನು ಕೇಳಿ, "ಯಾವ ಸ್ಟೇಷನ್ ಬಂತು?" ಎಂದು ಕೂಗಿದಳು. ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ.

ನಾನು ಮಗಳಿಂದ ಕುರ್ಚಿ ಕಸಿದುಕೊಂಡು ಕೂತೆ. ಕಾಂದಿವಲಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಿಗ್ನಲ್ ಬಂತು. ದೂರದಲ್ಲಿ ಒಂದು ಕಂದು ಚುಕ್ಕೆ. ಮೇಲಿನದೋ ಕೆಳಗಿನದೋ ಗೊತ್ತಾಗುವಷ್ಟು ಹತ್ತಿರ ಹೋಗುವ ತನಕ ನಾನು ಆಮೆಯಂತೆ ತೆವಳಿದೆ. ಹಾಗಾಗಿ ಮಲಾಡ್ ತಲುಪುವುದೇ ತಡವಾಯಿತು. ಇನ್ನೊಂದು ಸಿಗ್ನಲ್ಲನ್ನು ಕೆಂಪಿದ್ದಾಗಲೇ ದಾಟಿದ್ದರಿಂದ ಆಟವೇ ನಿಂತುಹೋಯಿತು.

"ಇದಾಗುದಿಲ್ಲ ಪಪ್ಪಾ. ಸಿಂಬಲ್ ಇರುವುದನ್ನೇ ತೆಗೆದುಕೊಳ್ಳುವ. ದಟ್ಸ್ ಸೆನ್ಸಿಬಲ್" ಎಂದಳು ಮಗಳು. ನಾನು ತಲೆಯಾಡಿಸಿದೆ. ಬುದ್ಧಿಗೆ ಅದು ಒಪ್ಪಿತ್ತು.

ಆಗ ಹೆಂಡತಿ ಬಸಳೆಯ ಬುಟ್ಟಿ ಹಿಡಿದುಕೊಂಡೇ ಒಳಗೆ ಬಂದಳು. ಮಗಳ ಹಾಸಿಗೆಯ ಅಂಚಿನಲ್ಲಿ, ನನ್ನ ಎಡಗಡೆ ಕೂತಳು. "ಮತ್ತೆ ಶುರು ಮಾಡಿ. ನಾನು ಹೇಳ್ತೇನೆ."

"ಎಂತ ಹೇಳ್ತಿ?"

"ಬಣ್ಣ ಹೇಳ್ತೇನೆ ಮಾರಾಯ್ರೆ. ಇಷ್ಟು ವರ್ಷ ಅಂಗಿ ಪ್ಯಾಂಟಿನ ಬಣ್ಣ ಯಾರು ಹೇಳಿದ್ದು ನಿಮಗೆ?"

ಮಗಳು ಮತ್ತೆ ಬೊರಿವಲಿಯಿಂದ ಶುರು ಮಾಡಿಕೊಟ್ಟಳು. ಗಾಡಿ ಹೊರಟಿತು. "ಹಸಿರು" ಎಂದಳು ಹೆಂಡತಿ, ಕಣ್ಣು ಸ್ಕ್ರೀನಿನ ಮೇಲೆ, ಕೈ ಬಸಳೆಯ ದಂಟಿನ ಮೇಲೆ. ನಾನು ಹ್ಯಾಂಡಲ್ ತಿರುಗಿಸಿದೆ. "ಹಸಿರು... ಹಸಿರು... ಹಳದಿ! ಹಳದಿ ಬಂತು, ಮೆಲ್ಲಗೆ!" ಬ್ರೇಕು ಹಾಕಿದೆ. "ಕೆಂಪು, ನಿಲ್ಲಿಸಿ, ನಿಲ್ಲಿಸಿ ಅಂತೇನೆ!" ನಿಲ್ಲಿಸಿದೆ. ಕೆಂಪು ದೀಪದ ಮುಂದೆ ಗಾಡಿ ಸರಿಯಾಗಿ ನಿಂತಿತು. ನಾವಿಬ್ಬರೂ ಉಸಿರು ಬಿಟ್ಟೆವು.

ಅಂಧೇರಿಯಲ್ಲಿ ಪ್ಲಾಟ್‌ಫಾರ್ಮಿಗಿಂತ ಮುಂದೆ ಹೋಗಿ ನಿಂತದ್ದಕ್ಕೆ ಅವಳು ಬೈದಳು. ನಾನು, ಅದು ನೀನು ಮಾತಾಡಿಸಿದ್ದರಿಂದ ಎಂದೆ. ಬಾಂದ್ರಾ ಬರುವ ಹೊತ್ತಿಗೆ ಬುಟ್ಟಿ ನೆಲಕ್ಕಿಳಿದಿತ್ತು. ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಿದ್ದಳು. ದಾದರಿನಲ್ಲಿ, "ಇಲ್ಲಿ ಸ್ವಲ್ಪ ಹೆಚ್ಚು ನಿಲ್ಲಿಸಿ, ಹೂವಿನ ಬುಟ್ಟಿಯವರು ಹತ್ತಲಿಕ್ಕುಂಟು" ಎಂದಳು. ಆಟದಲ್ಲಿ ಹೂವಿನವರು ಇರಲಿಲ್ಲ. ಆದರೂ ನಾನು ನಿಲ್ಲಿಸಿದೆ. ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಚರ್ನಿ ರೋಡ್ ದಾಟಿದ ಮೇಲೆ ಬಲಗಡೆ ಒಂದು ಪಟ್ಟಿಯಷ್ಟು ಸಮುದ್ರ ಕಾಣಿಸಿತು. ಅದನ್ನು ನೋಡಲಿಕ್ಕೆಂದು ಅವಳು ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದಳು, ನಾನು ಗಾಡಿಯನ್ನು ಸ್ವಲ್ಪ ನಿಧಾನ ಮಾಡಿದೆ.

ಚರ್ಚ್‌ಗೇಟಿನಲ್ಲಿ ಹಳಿ ಮುಗಿದುಹೋಗುತ್ತದೆ. ಅಲ್ಲಿ ತಪ್ಪಿದರೆ ಗೋಡೆಯೇ. ನಾನು ಬ್ರೇಕನ್ನು ಕೂಸಿನ ತೊಟ್ಟಿಲು ನಿಲ್ಲಿಸುವಂತೆ ಅಷ್ಟಷ್ಟೇ ಒತ್ತಿದೆ. ಗಾಡಿ ನಿಂತಿತು. ಜನರೆಲ್ಲ ಇಳಿದು ಹೋದರು. ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹೆಂಡತಿಯ ಕೈ ಹಿಡಿದು ಕುಲುಕಿದೆ. ಅವಳು ನಾಚಿಕೊಂಡು ಮಗಳ ಕಡೆ ನೋಡಿದಳು.

"ಸೋ, ಯಾವುದು ಇಟ್ಟುಕೊಳ್ಳುವುದು?" ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತಾ. ಕೇಳುವ ಅಗತ್ಯವೇ ಇರಲಿಲ್ಲ. ದುಡ್ಡು ಕೊಟ್ಟು ಕೊಂಡಿದ್ದ ಉಳಿದೆರಡನ್ನು ಅವಳು ಅಂದೇ ಕಂಪ್ಯೂಟರಿನಲ್ಲೇ ವಾಪಸು ಮಾಡಿ ದುಡ್ಡು ಹಿಂದಕ್ಕೆ ಪಡೆದಳು.

ಈಗ ವಾರದ ಹೆಚ್ಚಿನ ಸಂಜೆ, ಮಗಳ ಆಫೀಸ್ ಕೆಲಸ ಮುಗಿದ ಕೂಡಲೇ ಆ ಕೋಣೆ ನಮ್ಮದಾಗುತ್ತದೆ. ಪಕ್ಕದ ಮನೆಯ ಗುಜರಾತಿ ಹೆಂಗಸು ಒಂದು ದಿನ ಬಾಗಿಲು ತಟ್ಟಿ, ಇಷ್ಟು ಜೋರಾಗಿ ಏನು ಜಗಳ ಎಂದು ವಿಚಾರಿಸಿದಳು. ಅವಳನ್ನೂ ಒಳಗೆ ಕರೆದು ಸಾಂತಾಕ್ರೂಜಿನವರೆಗೆ ಕರೆದೊಯ್ದೆವು. ಅಡುಗೆಮನೆಗೆ ಹೋಗಿ ಉಪ್ಪು ನೋಡುವ ಪುರುಸೊತ್ತು ನನಗೆ ಈಗ ಇಲ್ಲ.

ಮೊನ್ನೆ ಚರ್ಚ್‌ಗೇಟ್ ತಲುಪಿದ ಮೇಲೆ ಹೆಂಡತಿ ಎದ್ದು ನಿಂತು, "ಏಳಿ. ವಾಪಸು ನಾನು ಓಡಿಸ್ತೇನೆ" ಎಂದಳು.

"ನೀನು ಓಡಿಸಿದ್ರೆ ಸಿಗ್ನಲ್ ಯಾರು ಹೇಳುದು?"

"ನನಗೆ ಕಣ್ಣುಂಟಲ್ಲ. ನೀವು ಗಾರ್ಡ್ ಆಗಿ."

ನಿಜವೇ. ಲೋಕಲಿನ ಹಿಂದಿನ ತುದಿಯಲ್ಲಿ ಗಾರ್ಡ್ ಇರುತ್ತಾನೆ. ಅವನು ಎರಡು ಬೆಲ್ ಕೊಟ್ಟ ಮೇಲೆಯೇ ಮೋಟರ್‌ಮನ್ ಗಾಡಿ ಬಿಡುವುದು. ನಾನು ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ, ಒಂದು ಚಮಚ ತಂದೆ. ಹಾಸಿಗೆಯ ಅಂಚಿನಲ್ಲಿ ಕೂತು, ಪ್ಲಾಟ್‌ಫಾರ್ಮಿನ ಜನರೆಲ್ಲ ಹತ್ತಿದರೇ ಎಂದು ನೋಡಿ, ಎರಡು ಸಲ ಟಿಣ್ ಟಿಣ್ ಎನ್ನಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲಿಸುವ ಗೊಡವೆಗೇ ಹೋಗದೆ ಭರ್ರನೆ ಹೊರಟಳು.

"ಏ, ಇದು ಸ್ಲೋ ಗಾಡಿ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲಲಿಕ್ಕುಂಟು!" ಎಂದು ನಾನು ಕೂಗಿದೆ.

"ನನಗೆ ಅನ್ನಕ್ಕಿಡ್ಲಿಕ್ಕುಂಟು" ಎಂದು ಅವಳು ಹಾರ್ನ್ ಹೊಡೆದಳು.