ಛತ್ರಿ ಬಟ್ಟೆಯ ಟೆಂಟು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಾಡಿಗೆ ಸೈಕಲ್ಲಿನ ಹಿಂದೆ ಬಷೀರಣ್ಣನನ್ನು ಕೂರಿಸಿಕೊಂಡು ತಿಪಟೂರಿನ ಕಾಲೇಜೊಂದಕ್ಕೆ ಟೆಂಟು ತೋರಿಸಲು ಹೋಗಿದ್ದೆ. ಬಷೀರಣ್ಣ ತುರುವೇಕೆರೆಯಲ್ಲಿ ಛತ್ರಿ ರಿಪೇರಿ ಮಾಡುವವನು. ಅವನು ಟೆಂಟು ಹೊಲಿಯುತ್ತಾನೆ, ನಾನು ಕೊಂಡು ಬೆಟ್ಟ ಹತ್ತುವವರಿಗೆ ಮಾರುತ್ತೇನೆ. ಒಂದು ಟೆಂಟಿನ ತೂಕ ಸುಲಿಯದ ಎರಡು ತೆಂಗಿನಕಾಯಿಯಷ್ಟೇ.

ಹುಡುಗರನ್ನು ಚಾರಣಕ್ಕೆ ಕರೆದೊಯ್ಯುವ ಮೇಷ್ಟ್ರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಏನ್ರೀ ಇದು, ಛತ್ರಿ ಬಟ್ಟೆ. ದಪ್ಪ ಕ್ಯಾನ್ವಾಸ್ ಇಲ್ದೆ ಮಳೆ ತಡೀತದಾ?"

ಬಷೀರಣ್ಣ ಮೆಲ್ಲಗೆ ಕೇಳಿದ: "ಛತ್ರೀನ ಮತ್ಯಾತಕ್ಕೆ ಹಿಡೀತಾರೆ ಸಾರ್?"

ಮೇಷ್ಟ್ರ ಮುಖ ಬಿಗಿಯಿತು. ನನಗೆ ಅವನ ಹೊಲಿಗೆಯ ಮೇಲೆ ಪೂರ್ತಿ ನಂಬಿಕೆ. ಮೈದಾನದಲ್ಲೇ ಟೆಂಟು ಕಟ್ಟಿ, "ನೀವೇ ಒಳಗೆ ಮಲಿಕ್ಕೊಳಿ ಸಾರ್, ನಾವು ನೀರು ಹುಯ್ತೀವಿ" ಅಂದೆ. ಅವರೂ ಬಿಡುವ ಆಸಾಮಿಯಲ್ಲ, ಹೋಗಿ ಮಲಗಿಯೇಬಿಟ್ಟರು. ಹತ್ತು ಕೊಡ ಹುಯ್ದೆವು. ಬಷೀರಣ್ಣ ದೇವರನ್ನು ನೆನೆಯತೊಡಗಿದ. ಕೊನೆಗೆ ಒಳಗಿನಿಂದ ದನಿ ಬಂತು: "ಇನ್ನೆರಡು ಕೊಡ ಹುಯ್ರಿ, ನೋಡಾಣ."

ಎದ್ದು ಬಂದವರೇ ಆರು ಟೆಂಟು ಬೇಕೆಂದರು. ಅವರ ಪ್ಯಾಂಟು ಮಾತ್ರ ಮೊಣಕಾಲವರೆಗೆ ತೊಯ್ದಿತ್ತು. ಆರಡಿಯ ಆಳು, ಕಾಲು ಬಾಗಿಲಿನಾಚೆ ಉಳಿದಿದ್ದವು. ಅದಕ್ಕೆ ನಮ್ಮ ಹೊಲಿಗೆ ಹೊಣೆಯಲ್ಲ.