ಮಾಸ್ತರರ ಬೆರಳಿನ ಹಲ್ಲುಗುರುತು

ಬಸಲಿಂಗಪ್ಪ ಮಾಸ್ತರರ ಎಡಗೈ ತೋರುಬೆರಳ ಗೆಣ್ಣಿನ ಮೇಲೆ ಒಂದು ಹಲ್ಲುಗುರುತಿತ್ತು. ಅದು ಮೊದಲಿನಿಂದಲೂ ಇತ್ತೋ, ಅವರ ತಮ್ಮ ಸತ್ತ ಮೇಲೆ ಮೂಡಿತೋ, ಖಾತ್ರಿಯಿಲ್ಲ. ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ನಿಜಾಮರ ಕೊನೆಯ ವರ್ಷಗಳವು. ಸುರಪುರದಲ್ಲಿ ಮಾಸ್ತರರು ಕನ್ನಡದ ಮಕ್ಕಳಿಗೆ ಉರ್ದುವಿನ ಮೂಲಕ ಇಂಗ್ಲಿಷ್ ಕಲಿಸುತ್ತಿದ್ದರು. ಹೈದರಾಬಾದಿನಲ್ಲಿ ಓದಿ ಬಂದ ನಾನು ಅವರ ಕೈಕೆಳಗಿನ ಶಿಕ್ಷಕ, ಪಕ್ಕದ ಕೋಣೆಯ ಬಾಡಿಗೆದಾರ. "ಡಿಗ್ರಿ ಸಾಹೇಬ್ರ, ಶಬ್ದದ ಅರ್ಥ ಯಾರರ ಹೇಳ್ತಾರ. ಅದರ ಊರು ಹೇಳ್ರಿ" ಎಂದು ನನ್ನನ್ನು ಕಾಡುತ್ತಿದ್ದರು. ಹೇಳಲಾಗದಿದ್ದರೆ ಆ ದಿನದ ಚಹಾ ನಾನೇ ಕಾಯಿಸಬೇಕು.

ಅವರ ತಮ್ಮ ಮಲ್ಲಣ್ಣ ರಂಗಂಪೇಟೆಯಲ್ಲಿ ತ್ರಿವರ್ಣ ಬಾವುಟ ಹಿಡಿದು ಸಿಕ್ಕಿಬಿದ್ದ. ಒಂದು ಗುರುವಾರ ಸಂಜೆ ಅವನ ಹೆಂಡತಿ ಗಂಗವ್ವ ಠಾಣೆಯಿಂದ ನೇರ ಮಾಸ್ತರರ ಬಾಗಿಲಿಗೆ ಬಂದಳು. ಅಣ್ಣ ಬಂದು ಜಾಮೀನು ನಿಂತರೆ ಬಿಡುತ್ತಾರಂತೆ. ಆದರೆ ಮೇಲಿನವರ ಅಪ್ಪಣೆಯಿಲ್ಲದೆ ಠಾಣೆಗೆ ಹೋದರೆ ಮಾಸ್ತರರ ನೌಕರಿ ಉಳಿಯುತ್ತಿರಲಿಲ್ಲ. ಮರುದಿನ ಶುಕ್ರವಾರ, ಸರಕಾರಿ ಸೂಟಿ. ಅಪ್ಪಣೆ ಕೊಡುವವರು ಯಾರೂ ಇಲ್ಲ.

"ಶನಿವಾರ ಹೋಗ್ತೀನವ್ವಾ" ಎಂದರು.

"ಒಂದು ಮಾತು ಹೇಳಾಕ ಎರಡು ದಿನ ಬೇಕೇನ್ರಿ ಭಾವಾರ?"

ಶನಿವಾರ ನಾವಿಬ್ಬರೂ ಹೋದಾಗ ಠಾಣೆಯಲ್ಲಿ ಮಲ್ಲಣ್ಣನಿರಲಿಲ್ಲ. ಯಾದಗಿರಿಗೆ ಒಯ್ದು ರೈಲು ಹತ್ತಿಸಿದ್ದಾರೆ ಎಂದರು. ಸಿಕ್ಕ ಬಂಡಿ ಹತ್ತಿ, ಶಹಾಪುರದಲ್ಲಿ ಮೋಟಾರು ಹಿಡಿದು ಸ್ಟೇಷನ್ ಮುಟ್ಟಿದೆವು. ಮಾಸ್ತರರು ಹಳಿಗುಂಟ ಓಡಿದರು, ರೈಲೇ ಇಲ್ಲದ ಹಳಿಗುಂಟ. ಮಳೆಗಾಲ ಮುಗಿಯುವ ಮೊದಲೇ ಜೈಲಿನಿಂದ ಸುದ್ದಿ ಬಂತು: ಮಲ್ಲಣ್ಣ ಜ್ವರದಲ್ಲಿ ತೀರಿಕೊಂಡಿದ್ದ. ಗಂಗವ್ವ ತವರಿಗೆ, ಹತ್ತಿಕುಣಿಗೆ ಹೋದಳು. ಮತ್ತೆ ಭಾವನೊಡನೆ ಮಾತಾಡಲಿಲ್ಲ.

ಆಮೇಲೊಂದು ದಿನ ಪಾಠದಲ್ಲಿ ರಿಮೋರ್ಸ್ ಎಂಬ ಶಬ್ದ ಬಂತು. ನಾನು ಪಶ್ಚಾತ್ತಾಪ ಎಂದೆ. ಮಾಸ್ತರರು ತಲೆಯಲ್ಲಾಡಿಸಿದರು.

"ಪಶ್ಚಾತ್ತಾಪ ಅಂದ್ರ ಆಮ್ಯಾಲೆ ಸುಡೂದು. ಸುಟ್ಟಿದ್ದು ಒಂದಿನ ಬೂದಿ ಆಗ್ತದ. ಇದು ಲ್ಯಾಟಿನ್ ಕಡೀದು. ಮತ್ತ ಕಚ್ಚೂದು ಅಂತ. ಕಚ್ಚಿದ್ದು ಬಿಡ್ತದ, ಮತ್ತ ಬಂದು ಅಲ್ಲೇ ಕಚ್ತದ."

ಚಹಾ ಯಾರು ಕಾಯಿಸಬೇಕೆಂದು ಆ ದಿನ ಇಬ್ಬರೂ ಕೇಳಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಜೈಲಿನವರೆಲ್ಲ ಊರಿಗೆ ಮರಳಿದ ದಿನ ರಂಗಂಪೇಟೆಯ ದಾರಿಯಲ್ಲಿ ಅವರನ್ನು ಕಂಡೆ. ಬಂದವರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದರು. ಮಾತಾಡಿಸಿದೆ. ಅವರ ಕಣ್ಣು ಮುಂದಿನ ಮುಖಕ್ಕೆ ಸರಿಯಿತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ಅಂದು ಠಾಣೆಯ ಬಾಗಿಲು ಕಾಯುತ್ತಿದ್ದ ಮುದಿ ಪೊಲೀಸನೊಬ್ಬ ಸಿಕ್ಕ. "ಆ ಹೆಣ್ಮಗಳು ಬಾಗಿಲ ಬಿಟ್ಟು ಏಳವಲ್ಲಳಾಗಿದ್ದಳ್ರಿ. ಭಾವನ್ನ ಕರಕೊಂಡ್ ಬಾ, ಬಿಡ್ತೀವಿ ಅಂತ ಸುಳ್ಳು ಹೇಳಿ ಕಳಿಸಿದ್ವಿ" ಎಂದ. ನಂಬದೆ, ಮಲ್ಲಣ್ಣನ ಜೊತೆ ಕಾವಲಿಗೆ ಹೋಗಿದ್ದವನನ್ನೂ ಶಹಾಪುರದಲ್ಲಿ ಹುಡುಕಿ ಕೇಳಿದೆ. ಅವನೂ ಅದನ್ನೇ ಹೇಳಿದ: ಗಂಗವ್ವ ನಮ್ಮ ಬಾಗಿಲಿಗೆ ಬಂದ ಆ ಗುರುವಾರ, ಬೆಳಗಿನ ರೈಲಿಗೇ ಮಲ್ಲಣ್ಣನನ್ನು ಹತ್ತಿಸಿಯಾಗಿತ್ತು.